‘ಸ್ವ’ ಎಂಬ ಒಂದಕ್ಷರ

ಪಶ್ಚಿಮಘಟ್ಟಗಳ ಪೂರ್ವದ ತಪ್ಪಲಿನಲ್ಲಿ, ಒಂದು ಕಡೆ ಏಲಕ್ಕಿಯ ಬೆಟ್ಟಗಳೂ ಮತ್ತೊಂದು ಕಡೆ ಮೇಘಮಲೆಯ ಸಾಲೂ ಕಾವಲು ನಿಂತಿರುವ ಕಂಬಂ ಕಣಿವೆಯು ಮಳೆಯ ನೆರಳಿನಲ್ಲಿ ಬಿದ್ದ ನೆಲವಾದರೂ, ಪಡುಗಡಲನ್ನು ಸೇರಬೇಕಾಗಿದ್ದ ಪೆರಿಯಾರಿನ ನೀರನ್ನು ಬೆಟ್ಟದೊಳಗಣ ಸುರಂಗದ ಮೂಲಕ ಮೂಡಣಕ್ಕೆ ತಿರುಗಿಸಿ ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರನು 1895ರಲ್ಲಿ ಪೂರ್ತಿಗೊಳಿಸಿದ ಅಣೆಕಟ್ಟಿನ ದೆಸೆಯಿಂದ, ಇಂದು ಭತ್ತ, ಬಾಳೆ, ಪನ್ನೀರು ದ್ರಾಕ್ಷಿಗಳ ಹಸುರಿನಿಂದ ತುಂಬಿ ನಿಂತಿದೆ. ಈ ಕಣಿವೆಯಲ್ಲಿಯೂ ದಿಂಡಿಗಲ್ಲಿನ ಸುತ್ತಣ ಗ್ರಾಮಗಳಲ್ಲಿಯೂ, ಎಷ್ಟೋ ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ತೆರಳಿ ಬಂದು ನೆಲೆಸಿದ ಕಪ್ಪಿಲಿಯರೆಂಬ ಒಕ್ಕಲಿಗರೂ ಅನುಪ್ಪರೂ, ಸಂತೆಯಲ್ಲಿ ತಮಿಳನ್ನೂ ಒಲೆಯ ಬಳಿ ಕನ್ನಡವನ್ನೂ ಆಡುತ್ತ ಬಾಳುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಮಣ್ಣನ್ನೂ ದನವನ್ನೂ ನಂಬಿದವರು. ಆದಕಾರಣ ಈ ಅಧ್ಯಾಯವನ್ನು ಅವರ ಹೊಲದಿಂದಲೇ ಪ್ರಾರಂಭಿಸುವುದು ಉಚಿತವಾಗಿದೆ.

ಸುಗ್ಗಿಯ ಕಾಲದಲ್ಲಿ ಭತ್ತದ ಕಟ್ಟನ್ನು ಬಡಿಯುತ್ತಿರುವ ಒಬ್ಬ ಒಕ್ಕಲಿಗನನ್ನು ಊಹಿಸಿಕೊಳ್ಳೋಣ. ಹುಲ್ಲಿನ ಎಸಳೊಂದು ಸಿಡಿದು ಅವನ ಕಣ್ಣನ್ನು ತಾಕುತ್ತದೆ. ಅವನು ಹೆಗಲ ಮೇಲಿನ ತುಂಡಿನಿಂದ ಕಣ್ಣನ್ನು ಉಜ್ಜಿಕೊಳ್ಳುತ್ತಾನೆ. ಮನೆಗೆ ಬಂದ ಮೇಲೆ ನೆರೆಯ ಬಾಣಂತಿಯ ಎದೆಹಾಲನ್ನೋ ಹರಳೆಣ್ಣೆಯನ್ನೋ ಯಾವುದೋ ಸೊಪ್ಪಿನ ರಸವನ್ನೋ ಹನಿಸುತ್ತಾರೆ. ಎರಡು ದಿನಗಳಲ್ಲಿ ಕೆಂಪು ಇಳಿಯದಿದ್ದರೆ ಔಷಧದ ಅಂಗಡಿಯವನು ಕೊಟ್ಟ ಹನಿಮದ್ದನ್ನು ಹಾಕಿಕೊಳ್ಳುತ್ತಾನೆ. ಇಷ್ಟನ್ನೂ ಮಾಡಿದವನನ್ನು ತನ್ನ ಕಣ್ಣನ್ನು ಅಲಕ್ಷ್ಯ ಮಾಡಿದನೆಂದು ಯಾರೂ ಹೇಳಲಾರರು. ಅವನಾದರೋ ತನ್ನನ್ನು ತಾನು ಆರೈಸಿಕೊಂಡೆನೆಂದೇ ನಂಬಿದ್ದಾನೆ. ಹೀಗಿದ್ದರೂ ಹತ್ತನೆಯ ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಆ ಕಣ್ಣಿನ ನಡುವೆ ಬಿಳಿಯ ಹುಣ್ಣೊಂದು ಬೇರುಬಿಟ್ಟಿರುತ್ತದೆ. ಆರೈಕೆಯಲ್ಲಿ ಕೊರತೆಯಿರಲಿಲ್ಲ, ಆರೈಕೆಯೆಂದರೇನೆಂಬ ತಿಳಿವಿನಲ್ಲಿ ಕೊರತೆಯಿತ್ತು.

ಸ್ವಯಂ ಆರೈಕೆಯೆಂಬ ಮಾತು ಇತ್ತೀಚೆಗೆ ಪತ್ರಿಕೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಅತಿಯಾಗಿ ಬಳಕೆಯಾಗುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಮಾತು ಹೊಸದು, ವಿಷಯ ಹಳೆಯದು. ನಮ್ಮ ಆಯುರ್ವೇದವು ರೋಗಿಯ ಚಿಕಿತ್ಸೆಗೆ ಮೊದಲೇ ಆರೋಗ್ಯವಂತನ ನಡವಳಿಕೆಯನ್ನು ಸ್ವಸ್ಥವೃತ್ತವೆಂಬ ಹೆಸರಿನಿಂದ ವಿವರಿಸಿ, ಏಳುವುದು, ಉಣ್ಣುವುದು, ನಿದ್ರಿಸುವುದು ಮೊದಲಾದ ಸಾಮಾನ್ಯ ಕರ್ಮಗಳಿಗೂ ಶಾಸ್ತ್ರದಲ್ಲಿ ಸ್ಥಾನ ಕೊಟ್ಟಿತ್ತು. ಈ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದಕ್ಕೆಂದೇ ಮಾರ್ಗಸೂಚಿಯೊಂದನ್ನು ಹೊರತಂದಿದೆ. ವ್ಯಕ್ತಿಗಳೂ ಕುಟುಂಬಗಳೂ ಸಮುದಾಯಗಳೂ ವೈದ್ಯಸಿಬ್ಬಂದಿಯ ನೆರವು ಇದ್ದಾಗಲೂ ಇಲ್ಲದಾಗಲೂ ಆರೋಗ್ಯವನ್ನು ಕಾಪಾಡಿಕೊಳ್ಳುವ, ರೋಗವನ್ನು ತಡೆಯುವ, ಬಂದ ರೋಗವನ್ನು ನಿಭಾಯಿಸುವ ಸಾಮರ್ಥ್ಯವೇ ಸ್ವಯಂ ಆರೈಕೆಯೆಂಬುದು ಅದರ ನಿರೂಪಣೆಯ ಸಾರ. ಈ ಮಾತಿಗೆ ಅಂಟಿಕೊಂಡಿರುವ ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ಪರ್ಯಾಲೋಚಿಸಿದರೆ, ಅವೆಲ್ಲವೂ ‘ಸ್ವ’ ಎಂಬ ಒಂದೇ ಅಕ್ಷರವನ್ನು ಅಪಾರ್ಥ ಮಾಡಿಕೊಂಡದ್ದರಿಂದ ಹುಟ್ಟಿದವೆಂದು ತೋರುತ್ತದೆ. ಒಬ್ಬರು ಅದನ್ನು ಸ್ವಚಿಕಿತ್ಸೆಯೆಂದು ಓದುತ್ತಾರೆ. ಇನ್ನೊಬ್ಬರು ಸ್ವಸುಖವೆಂದು, ಮತ್ತೊಬ್ಬರು ಸ್ವಾರ್ಥವೆಂದು, ಮಗುದೊಬ್ಬರು ಯಾರ ಹಂಗೂ ಇಲ್ಲದ ಸ್ವಾವಲಂಬನೆಯೆಂದು ಓದುತ್ತಾರೆ.

ಮೊದಲನೆಯದೇ ಅತ್ಯಂತ ಅಪಾಯಕರವಾದುದರಿಂದ ನಮ್ಮ ಒಕ್ಕಲಿಗನ ಕಣ್ಣಿಗೇ ಹಿಂದಿರುಗೋಣ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯವೆಂದು ಹೆಸರು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಬೆಳಕು ತಡೆಯಿಲ್ಲದೆ ಒಳಹೋಗಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳಿಲ್ಲ. ಬೇಕಾದ ಆಮ್ಲಜನಕವನ್ನು ಅದು ಕಣ್ಣೀರಿನ ತೆಳುಪದರದ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ರಕ್ತವಿಲ್ಲದೆಡೆಗೆ ರಕ್ತದಲ್ಲಿ ಸಂಚರಿಸುವ ರಕ್ಷಕ ಕಣಗಳೂ ಬೇಗನೆ ಬಂದು ಮುಟ್ಟಲಾರವು. ಈ ಕೊರತೆಯನ್ನು ತುಂಬಲೆಂಬಂತೆ ಅದರ ಹೊರಮೈಗೆ ಐದಾರು ಪದರಗಳ ಜೀವಕೋಶಗಳ ಹೊದಿಕೆಯಿದೆ. ಈ ಹೊದಿಕೆ ಅಖಂಡವಾಗಿರುವವರೆಗೆ ಬಹುಪಾಲು ಸೂಕ್ಷ್ಮಜೀವಿಗಳು ಒಳನುಗ್ಗಲಾರವು. ತರಚಿದರೂ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಹೊದಿಕೆ ಹರಿದು ಕೂಡಿಕೊಳ್ಳುವವರೆಗಿನ ಆ ಅಲ್ಪಾವಧಿಯಲ್ಲಿ ಒಳಹೊಕ್ಕದ್ದೇನು ಎಂಬುದರ ಮೇಲೆ ಆ ಕಣ್ಣಿನ ಭವಿಷ್ಯವೆಲ್ಲ ನಿಂತಿದೆ.

ಹೊಲದಲ್ಲಿ ಒಳಹೊಗುವುದಾದರೂ ಏನು? 1994ರ ಮೊದಲ ಮೂರು ತಿಂಗಳುಗಳಲ್ಲಿ, ಎಂದರೆ ಪೊಂಗಲಿನ ಸುಗ್ಗಿಯ ಆಸುಪಾಸಿನಲ್ಲಿ, ಕಾರ್ನಿಯದ ಹುಣ್ಣಿನಿಂದ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಗೆ ಬಂದ 434 ರೋಗಿಗಳನ್ನು ಅಲ್ಲಿನ ವೈದ್ಯರು ಕ್ರಮವಾಗಿ ಪರೀಕ್ಷಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಮೊದಲು ಕಣ್ಣಿಗೆ ಪೆಟ್ಟಾಗಿತ್ತು. ಸೂಕ್ಷ್ಮಜೀವಿಗಳು ದೊರೆತ ಕಣ್ಣುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಬ್ಯಾಕ್ಟೀರಿಯವಿದ್ದರೆ, ಅಷ್ಟೇ ಸಂಖ್ಯೆಯಲ್ಲಿ ಶಿಲೀಂಧ್ರವಿತ್ತು. ಶಿಲೀಂಧ್ರಗಳಲ್ಲಿ ಅಗ್ರಸ್ಥಾನ ಫ್ಯುಸೇರಿಯಮ್ಮಿನದು. ಈ ಹೆಸರು ಬಾಳೆ ಬೆಳೆಯುವವರಿಗೆ ಅಪರಿಚಿತವಲ್ಲ. ತೋಟದ ಬಾಳೆಯನ್ನು ಬುಡದಿಂದ ಒಣಗಿಸುವ ಪನಾಮ ಸೊರಗು ರೋಗಕ್ಕೆ ಕಾರಣವಾದುದೂ ಇದೇ ಕುಲಕ್ಕೆ ಸೇರಿದ ಮತ್ತೊಂದು ಶಿಲೀಂಧ್ರ. ಮಣ್ಣಿನಲ್ಲಿಯೂ ಹುಲ್ಲಿನಲ್ಲಿಯೂ ಸುಮ್ಮನೆ ಕುಳಿತಿದ್ದ ಆ ಬೂಷ್ಟು, ಎಸಳಿನ ತುದಿಯನ್ನೇರಿ ಕಾರ್ನಿಯದ ಬಿರುಕಿನೊಳಕ್ಕೆ ಇಳಿದು, ನೂಲೆಳೆಗಳನ್ನು ಚಾಚುತ್ತದೆ. ಕಂಬಂ ಕಣಿವೆಯನ್ನೊಳಗೊಂಡ ತೇನಿಯು ಇನ್ನೂ ಮಧುರೆ ಜಿಲ್ಲೆಯಿಂದ ಬೇರ್ಪಡದಿದ್ದ 1993ರಲ್ಲಿ, ಆ ಜಿಲ್ಲೆಯಲ್ಲಿ ಪ್ರತಿ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 11 ಮಂದಿಗೆ ಇಂಥ ಹುಣ್ಣಾಗುತ್ತಿತ್ತೆಂದು ಲೆಕ್ಕ ಹಾಕಲಾಯಿತು. ಅಮೆರಿಕದ ಒಂದು ಪ್ರಾಂತದಲ್ಲಿ ಕಂಡುಬಂದ ಪ್ರಮಾಣಕ್ಕೆ ಇದು ಹತ್ತು ಮಡಿ.

ಈಗ ಎದೆಹಾಲಿನ ವಿಚಾರ. ತಾಯಿಯ ಹಾಲಿನಲ್ಲಿ ರೋಗನಿರೋಧಕ ಅಂಶಗಳಿರುವುದು ಸತ್ಯವೇ. ಹೀಗಾಗಿ ಹಳಬರ ನಂಬಿಕೆ ಕೇವಲ ಮೂಢವೆಂದು ನಗುವುದು ಸಲ್ಲದು. ಆದರೆ ಆ ಅಂಶಗಳು ಶಿಶುವಿನ ಬಾಯಿಯನ್ನೂ ಕರುಳನ್ನೂ ಕಾಯುವುದಕ್ಕೆ ಒದಗಿದವು. ಕಾರ್ನಿಯದೊಳಗೆ ಎಳೆ ಚಾಚಿರುವ ಫ್ಯುಸೇರಿಯಮ್ಮನ್ನು ಕೊಲ್ಲುವ ಶಕ್ತಿ ಅವಕ್ಕಿಲ್ಲ. ಸೊಪ್ಪಿನ ರಸವಂತೂ ಸೊಪ್ಪಿನ ಮೇಲಿದ್ದ ಮಣ್ಣನ್ನೂ, ಹಿಂಡಿದ ಬೆರಳಿನ ಕೊಳೆಯನ್ನೂ ಜತೆಗೆ ಕರೆತರುತ್ತದೆ. ಪ್ರಕೃತಿಯಿಂದ ಬಂದದ್ದು ಕೇಡು ಮಾಡದೆಂಬ ವಾದಕ್ಕೆ, ಹುಣ್ಣನ್ನು ತಂದ ಬೂಷ್ಟೂ ಪ್ರಕೃತಿಯಿಂದಲೇ ಬಂದದ್ದೆಂಬುದೇ ಸಾಕಾದ ಉತ್ತರ. ಇವೆಲ್ಲಕ್ಕಿಂತ ಮಿಗಿಲಾದ ನಷ್ಟವೆಂದರೆ, ಮದ್ದು ಹಾಕಿದ್ದೇವೆಂಬ ಸಮಾಧಾನದಲ್ಲಿ ಕಳೆದುಹೋಗುವ ದಿನಗಳು.

ಅಂಗಡಿಯ ಹನಿಮದ್ದಿನ ಕಥೆ ಇನ್ನೂ ಸೂಕ್ಷ್ಮವಾದುದು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ಹಾಕಿದ ಮರುದಿನವೇ ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ, ರೋಗಿಯು ಅಂಗಡಿಯವನನ್ನು ಹರಸುತ್ತಾನೆ. ನಿಜವಾಗಿ ನಡೆದಿರುವುದೇನೆಂದರೆ, ಕೆಂಪೂ ನೋವೂ ದೇಹವು ಹೂಡಿದ ಯುದ್ಧದ ಕೋಲಾಹಲ. ಸ್ಟೀರಾಯ್ಡ್ ಆ ಸೈನ್ಯದ ಕೈಯಿಂದ ಆಯುಧವನ್ನು ಕಸಿದುಕೊಳ್ಳುತ್ತದೆ. ಕೋಲಾಹಲ ನಿಂತಿತೆಂದು ನಾವು ಸಂತೋಷಪಡುತ್ತಿರುವಾಗ ಬೂಷ್ಟು ನಿರಾತಂಕವಾಗಿ ಕೋಟೆಯನ್ನು ಆಕ್ರಮಿಸುತ್ತದೆ. ಉಪಶಮನವನ್ನೇ ಗುಣವೆಂದು ತಿಳಿಯುವುದು ಸ್ವಚಿಕಿತ್ಸೆಯ ಮೂಲದೋಷ. ಇದಕ್ಕೆ ಪ್ರತಿಯಾದ ಇನ್ನೊಂದು ದೋಷವೂ ಉಂಟು: ನೋವಿಲ್ಲದಿರುವುದನ್ನೇ ಆರೋಗ್ಯವೆಂದು ತಿಳಿಯುವುದು. ದೇಹದಲ್ಲಿ ಅತ್ಯಧಿಕ ಸಾಂದ್ರತೆಯ ನೋವಿನ ನರಗಳಿರುವ ಕಾರ್ನಿಯವು ಧೂಳಿನ ಕಣ ಬಿದ್ದರೂ ಕೂಗಿಕೊಳ್ಳುತ್ತದೆ. ಅದೇ ಕಣ್ಣಿನ ಹಿಂಭಾಗದಲ್ಲಿರುವ ರೆಟಿನಾ ಎಂಬ ಪಟಲಕ್ಕೆ ನೋವೆಂಬುದೇ ತಿಳಿಯದು. ಸಕ್ಕರೆ ಕಾಯಿಲೆಯು ವರ್ಷಗಟ್ಟಲೆ ರೆಟಿನಾದ ರಕ್ತನಾಳಗಳನ್ನು ಕೆಡಿಸುತ್ತಿದ್ದರೂ ರೋಗಿಗೆ ಸುಳಿವೇ ಸಿಗದೆ, ಸುಳಿವು ಸಿಕ್ಕಾಗ ದೃಷ್ಟಿಯ ಒಂದು ಭಾಗ ಹೋಗಿರುತ್ತದೆ. ಆದ್ದರಿಂದಲೇ ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ವರ್ಷಕ್ಕೊಮ್ಮೆ ರೆಟಿನಾವನ್ನು ಪರೀಕ್ಷಿಸಿಕೊಳ್ಳಬೇಕೆಂಬ ನಿಯಮವಿರುವುದು.

ಇನ್ನು ಎರಡನೆಯ ಅಪಾರ್ಥಕ್ಕೆ ಬರೋಣ. ಸ್ವಯಂ ಆರೈಕೆಯೆಂದರೆ ಸ್ವಸುಖ, ಸುಗಂಧತೈಲ, ಕೊಡೈಕಾನಲಿನ ಬೆಟ್ಟದ ಮೇಲೆ ನಾಲ್ಕು ದಿನಗಳ ವಿಹಾರ, ಒಟ್ಟಿನಲ್ಲಿ ಹಣವುಳ್ಳವರ ವಿಲಾಸವೆಂದು ಜಾಹೀರಾತುಗಳು ಸಾರುತ್ತವೆ. ವಿಹಾರ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಬೆಲೆಯೂ ಪ್ರಯೋಜನವೂ ಒಂದನ್ನೊಂದು ಹಿಂಬಾಲಿಸುತ್ತವೆಂಬ ನಂಬಿಕೆಯನ್ನು ವಿಜ್ಞಾನವು ಎತ್ತಿಹಿಡಿಯುವುದಿಲ್ಲ. ಶಿಲೀಂಧ್ರದ ಹುಣ್ಣಿಗೆ ಬಹುಕಾಲದಿಂದ ಬಳಕೆಯಲ್ಲಿದ್ದ ಮದ್ದು ನಟಮೈಸಿನ್. 1950ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಅದು ದೊರೆಯಿತು. ರೋಗವೂ ಮಣ್ಣಿನಿಂದ, ಮದ್ದೂ ಮಣ್ಣಿನಿಂದ ಬಂದಂತಾಯಿತು. ಅನಂತರ ವೊರಿಕೊನಜೋಲ್ ಎಂಬ ಹೆಚ್ಚು ಬೆಲೆಯ ನವೀನ ಔಷಧ ಬಂದಾಗ, ಅದೇ ಮೇಲೆಂದು ಅನೇಕ ವೈದ್ಯರೂ ಭಾವಿಸಿದರು. ಅರವಿಂದ ಆಸ್ಪತ್ರೆಗಳ 323 ರೋಗಿಗಳಿಗೆ, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿ, ಎರಡನ್ನೂ ತೂಗಿ ನೋಡಿದ ಪ್ರಯೋಗದ ಫಲ 2013ರಲ್ಲಿ ಪ್ರಕಟವಾಯಿತು: ಹಳೆಯ ನಟಮೈಸಿನ್ನೇ ಗೆದ್ದಿತು, ಫ್ಯುಸೇರಿಯಮ್ಮಿನ ಹುಣ್ಣಿನಲ್ಲಂತೂ ನಿಸ್ಸಂದೇಹವಾಗಿ.

ನಲವತ್ತು ದಾಟಿದವರಿಗೆ ಹತ್ತಿರದ ವಸ್ತು ಮಸಕಾಗುವ ಚಾಳೀಸಿನ ದೃಷ್ಟಾಂತವನ್ನೂ ಇಲ್ಲಿ ಸ್ಮರಿಸಬಹುದು. ಓದುಬರಹವಿಲ್ಲದ ಕೂಲಿಯಾಳಿಗೆ ಕನ್ನಡಕವೇಕೆಂಬುದು ಲೋಕದ ಮಾತು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೂಲಿಕಾರರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಗ್ಗದ ಕನ್ನಡಕ ಪಡೆದವರು ಪಡೆಯದವರಿಗಿಂತ ಶೇಕಡ 21ಕ್ಕೂ ಮಿಗಿಲಾಗಿ ಎಲೆ ಕೊಯ್ಲನ್ನು ಹೆಚ್ಚಿಸಿಕೊಂಡರು. ಬೋಡಿನಾಯಕನೂರು, ಕಂಬಂ ಮುಂತಾದ ಊರುಗಳಿಂದ ನಸುಕಿನಲ್ಲಿಯೇ ಜೀಪುಗಳಲ್ಲಿ ಒತ್ತೊತ್ತಾಗಿ ಕುಳಿತು ಘಟ್ಟವೇರಿ, ಇಡುಕ್ಕಿಯ ತೋಟಗಳಲ್ಲಿ ಗಿಡದ ಬುಡಕ್ಕೆ ಬಗ್ಗಿ, ಮಾಗಿದ ಏಲಕ್ಕಿಯನ್ನು ಎಳೆಯದರಿಂದ ಬೇರ್ಪಡಿಸಿ ಬಿಡಿಸುವ ಹೆಂಗಸರ ಕಣ್ಣಿಗೂ ಈ ನ್ಯಾಯ ಅನ್ವಯಿಸದೆ ಇರುವುದಕ್ಕೆ ಕಾರಣ ಕಾಣದು.

ಆ ಹೆಂಗಸರೇ ನಮ್ಮನ್ನು ಮೂರನೆಯ ಅಪಾರ್ಥದ ಬಳಿಗೆ ಕರೆದೊಯ್ಯುತ್ತಾರೆ. ಎಲ್ಲರಿಗೂ ಬಡಿಸಿ ಉಳಿದುದನ್ನು ತಾನುಣ್ಣುವುದು ಗೃಹಿಣಿಯ ಧರ್ಮವೆಂದೂ, ತನ್ನ ಮೈಯನ್ನು ಚಿಂತಿಸುವುದು ಸ್ವಾರ್ಥವೆಂದೂ ನಮ್ಮ ಸಮಾಜ ಬಹುಕಾಲ ಹೇಳಿಕೊಂಡು ಬಂದಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಅಂಶ ಸಾಲದಾದಾಗ ರಕ್ತದ ಹಿಮೊಗ್ಲೋಬಿನ್ ಕುಗ್ಗುತ್ತದೆ. ಆಮ್ಲಜನಕವನ್ನು ಹೊರುವ ಬಂಡಿಗಳು ಕಡಮೆಯಾದಂತೆ ಹೃದಯವು ಇರುವ ಬಂಡಿಗಳನ್ನೇ ಹೆಚ್ಚು ಸಲ ಓಡಿಸಬೇಕಾಗುತ್ತದೆ. ಘಟ್ಟದ ಏರಿನಲ್ಲಿ ಏದುಸಿರು ಬರುವುದು, ಮಧ್ಯಾಹ್ನಕ್ಕೇ ಕೈಕಾಲು ಸೋಲುವುದು ಇದರ ಫಲ. ಅದನ್ನು ಸೋಮಾರಿತನವೆಂದು ಮೇಸ್ತ್ರಿಯೂ, ವಯೋಧರ್ಮವೆಂದು ಆಕೆಯೂ ತಿಳಿಯುತ್ತಾರೆ. ಇನ್ನು ಗರ್ಭಿಣಿಯ ರಕ್ತಹೀನತೆಯು ಅವಳೊಬ್ಬಳದಾಗಿ ಉಳಿಯದೆ, ತೂಕ ಕಡಮೆಯಾದ ಶಿಶುವಿನ ರೂಪದಲ್ಲಿ ಮುಂದಿನ ತಲೆಮಾರಿಗೂ ದಾಟುವ ಸಂಭವವುಂಟು. ತನ್ನನ್ನು ಕಡೆಗಣಿಸಿಕೊಂಡ ತಾಯಿಯು ತ್ಯಾಗ ಮಾಡಿದಳೆಂದು ನಾವು ಕೊಂಡಾಡುವ ವೇಳೆಗೆ, ಆ ತ್ಯಾಗದ ಸಾಲವನ್ನು ತೀರಿಸಲು ಮಗು ಹುಟ್ಟಿರುತ್ತದೆ.

ಇಲ್ಲಿ ಬೇಕಾದುದು ದೊಡ್ಡ ಸಾಹಸವೇನೂ ಅಲ್ಲ. ಆಂಡಿಪಟ್ಟಿಯ ಕಡೆಯಲ್ಲಿಯೂ ದಿಂಡಿಗಲ್ಲಿನ ಕಡೆಯಲ್ಲಿಯೂ ನುಗ್ಗೆ ಯಥೇಚ್ಛವಾಗಿ ಬೆಳೆಯುತ್ತದೆ. ಅದರ ಸೊಪ್ಪಿನಲ್ಲಿ ಕಬ್ಬಿಣವಿದೆ. ಊಟದ ಜತೆಗೆ ನಿಂಬೆ ಅಥವಾ ನೆಲ್ಲಿಕಾಯಿಯಿದ್ದರೆ ಆ ಕಬ್ಬಿಣವನ್ನು ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ. ಉಂಡೊಡನೆ ಕುಡಿದ ಚಹಾ ಕಾಫಿಗಳು ಅದನ್ನು ತಡೆಯುತ್ತವೆಯಾದ್ದರಿಂದ ಅವನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೆ ಸಾಕು. ಆದರೆ ರಕ್ತಹೀನತೆ ಆಗಲೇ ಬೇರೂರಿದ್ದರೆ ಸೊಪ್ಪೊಂದೇ ಅದನ್ನು ನೀಗಲಾರದು. ರಕ್ತವನ್ನು ಪರೀಕ್ಷಿಸಿ ವೈದ್ಯರು ಕೊಡುವ ಕಬ್ಬಿಣದ ಮಾತ್ರೆಯೇ ಬೇಕು. ಅಡುಗೆಮನೆ ಎಲ್ಲಿಗೆ ಮುಗಿದು ಆಸ್ಪತ್ರೆ ಎಲ್ಲಿ ಮೊದಲಾಗುತ್ತದೆಂಬ ಅರಿವು ಇಲ್ಲಿಯೂ ಮುಖ್ಯ.

ನಾಲ್ಕನೆಯ ಅಪಾರ್ಥ ಅತಿ ಸಭ್ಯವಾದುದು. ಆದುದರಿಂದ ಅದನ್ನು ಗುರುತಿಸುವುದು ಕಷ್ಟ. ತನ್ನ ಭಾರವನ್ನು ತಾನೇ ಹೊರಬೇಕು, ಯಾರಿಗೂ ತೊಂದರೆ ಕೊಡಬಾರದೆಂಬ ಸ್ವಾವಲಂಬನೆಯ ಹೆಮ್ಮೆ ಅದು. ಪೊರೆಯಿಂದ ಕಣ್ಣು ಮಂಜಾದ ಮುದುಕಿಯನ್ನು ಆಸ್ಪತ್ರೆಗೆ ಕರೆದರೆ, ಈ ವಯಸ್ಸಿನಲ್ಲಿ ನೋಡುವುದೇನಿದೆಯಪ್ಪಾ, ಹೀಗೇ ಕಾಲ ಕಳೆಯುತ್ತೇನೆ ಎನ್ನುತ್ತಾಳೆ. ತಮಿಳುನಾಡಿನ ಹಳ್ಳಿಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಣ್ಣಿನ ತೊಂದರೆಯುಳ್ಳವರಲ್ಲಿ ಹತ್ತಿರದ ಉಚಿತ ಶಿಬಿರಕ್ಕೆ ಹೋದವರು ಶೇಕಡ 7ರಷ್ಟು ಮಾತ್ರವೆಂದು ತಿಳಿದುಬಂದಿತು. ಭಯವೂ ಬಸ್ಸಿನ ಖರ್ಚೂ ಕರೆದೊಯ್ಯುವವನ ಒಂದು ದಿನದ ಕೂಲಿಯೂ ಕೂಡಿದರೆ ಉಚಿತವೆಂಬುದು ಉಚಿತವಾಗಿ ಉಳಿಯುವುದಿಲ್ಲ. ಎಂದ ಮೇಲೆ, ತನ್ನನ್ನು ತಾನು ನೋಡಿಕೊಳ್ಳಲಿಲ್ಲವೆಂದು ಆ ಮುದುಕಿಯನ್ನು ದೂರುವ ಮೊದಲು, ನೋಡಿಕೊಳ್ಳುವ ಹಾದಿಯನ್ನು ನಾವು ಎಷ್ಟು ಹತ್ತಿರ ತಂದಿದ್ದೇವೆಂದು ಕೇಳಿಕೊಳ್ಳುವುದು ನ್ಯಾಯ.

ಹಾದಿಯನ್ನು ಹತ್ತಿರ ತಂದ ಕಥೆಗಳು ಈ ಸೀಮೆಯಲ್ಲಿಯೇ ಇವೆ. ದಿಂಡಿಗಲ್ಲಿನ ಬಳಿ 1947ರಲ್ಲಿ ಜಿ. ರಾಮಚಂದ್ರನ್ ಅವರೊಡನೆ ಗಾಂಧಿಗ್ರಾಮವನ್ನು ಸ್ಥಾಪಿಸಿದ ಟಿ. ಎಸ್. ಸೌಂದರಂ ಅವರು ಸ್ವತಃ ವೈದ್ಯೆ. ಆರೋಗ್ಯವು ಗ್ರಾಮಜೀವನದಿಂದ ಬೇರ್ಪಟ್ಟ ವಸ್ತುವಲ್ಲವೆಂಬುದು ಆ ಸಂಸ್ಥೆಯ ನಿಲುವಾಗಿತ್ತು. ಮಧುರೆಯ ಗೋವಿಂದಪ್ಪ ವೆಂಕಟಸ್ವಾಮಿಯವರ ಬಾಳು ಇನ್ನೂ ಬೋಧಪ್ರದವಾದುದು. ಯೌವನದಲ್ಲಿಯೇ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿ, ವರ್ಷಕ್ಕೂ ಮೀರಿ ಹಾಸಿಗೆ ಹಿಡಿದಿದ್ದ ಅವರು, ತಮ್ಮ ಕೈಗೆ ಒಗ್ಗುವಂಥ ಉಪಕರಣಗಳನ್ನು ಮಾಡಿಸಿಕೊಂಡು, ಅದೇ ಬೆರಳುಗಳಿಂದ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಅಭ್ಯಸಿಸಿ, ಲಕ್ಷಕ್ಕೂ ಮಿಗಿಲಾದ ಚಿಕಿತ್ಸೆಗಳನ್ನು ನಡೆಸಿದರು. 1976ರಲ್ಲಿ, ಸರಕಾರಿ ಸೇವೆಯಿಂದ ನಿವೃತ್ತರಾದ ಬಳಿಕ, ಹನ್ನೊಂದು ಹಾಸಿಗೆಗಳಿಂದ ಅವರು ಆರಂಭಿಸಿದ ಅರವಿಂದ ಆಸ್ಪತ್ರೆಯ ಶಾಖೆ 1985ರಲ್ಲಿ ತೇನಿಗೂ ಬಂದಿತು. ಈ ಶತಮಾನದ ಮೊದಲ ದಶಕದಲ್ಲಿ, ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದವರ ನೆರವಿನಿಂದ ದೂರಗಾಮಿ ವೈಫೈ ಸಂಪರ್ಕ ಸ್ಥಾಪಿತವಾಗಿ, ಬೋಡಿ ಮೊದಲಾದ ಊರುಗಳ ದೃಷ್ಟಿಕೇಂದ್ರಗಳಲ್ಲಿ ಕುಳಿತ ರೋಗಿಯನ್ನು ತೇನಿಯ ವೈದ್ಯರು ಪರದೆಯ ಮೇಲೆ ಕಂಡು ಮಾತಾಡಿಸುವುದು ಸಾಧ್ಯವಾಯಿತು. ತನ್ನ ದೌರ್ಬಲ್ಯವನ್ನು ಅರಿತು ಅದಕ್ಕೆ ತಕ್ಕ ಆಸರೆಯನ್ನು ರಚಿಸಿಕೊಳ್ಳುವುದು ಆರೈಕೆಯೆಂಬುದಕ್ಕೆ ಆ ಸೊಟ್ಟ ಬೆರಳುಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹುಣ್ಣನ್ನು ತಡೆಯುವ ಉಪಾಯವೂ ಒಬ್ಬಂಟಿಯದಲ್ಲ. ನೇಪಾಳದ ಭಕ್ತಪುರದಲ್ಲಿ, ಕಣ್ಣು ತರಚಿದವರನ್ನು ಗುರುತಿಸಿ ಪ್ರತಿಜೀವಕದ ಮುಲಾಮನ್ನು ಹಚ್ಚುವಂತೆ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟರು. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, 442 ತರಚುಗಾಯಗಳಲ್ಲಿ ಶೇಕಡ 96ರಷ್ಟು ಸೋಂಕಿಲ್ಲದೆ ಮಾಯ್ದವು. ಹದಿನೆಂಟು ಗಂಟೆಗಳೊಳಗೆ ಮುಲಾಮು ದೊರೆತ ಒಬ್ಬರಿಗೂ ಹುಣ್ಣಾಗಲಿಲ್ಲ. ಅಲ್ಲಿ ಕಣ್ಣನ್ನುಳಿಸಿದ್ದು ಅಲ್ಪಬೆಲೆಯ ಮುಲಾಮು, ನೆರೆಮನೆಯ ಕಾರ್ಯಕರ್ತೆ ಮತ್ತು ಕಾಲವಿಳಂಬ ಮಾಡದ ವಿವೇಕ. ಕಂಬಮ್ಮಿನ ಕಪ್ಪಿಲಿಯರಿಗೆ ಈ ತತ್ತ್ವ ಹೊಸದಲ್ಲ. ಯಾವ ಒಬ್ಬನ ಸ್ವತ್ತೂ ಅಲ್ಲದೆ ಸಮುದಾಯವೆಲ್ಲ ಕೂಡಿ ಸಾಕುವ ತಂಬಿರಾನ್ ಮಾಡುಗಳೆಂಬ ದೇವರ ದನಗಳ ಮಂದೆಯನ್ನು ಅವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. ದನದ ವಿಷಯದಲ್ಲಿ ಒಪ್ಪಿಕೊಂಡದ್ದನ್ನು ಮನುಷ್ಯನು ತನ್ನ ಕಣ್ಣಿನ ವಿಷಯದಲ್ಲಿ ಒಪ್ಪಿಕೊಳ್ಳಲು ಸಂಕೋಚವೇಕೆ?

ಸ್ವಯಂ ಆರೈಕೆಯನ್ನು ಒಂದು ಸಿದ್ಧಾಂತವಾಗಿ ರೂಪಿಸಿ 1971ರಲ್ಲಿ ಗ್ರಂಥ ರಚಿಸಿದ ಅಮೆರಿಕದ ದಾದಿ ಡೊರೊಥಿಯ ಒರೆಮ್, ವ್ಯಕ್ತಿಯ ಸ್ವಂತ ಸಾಮರ್ಥ್ಯವು ಅಗತ್ಯಕ್ಕೆ ಸಾಲದೆ ಬಂದಾಗ ದಾದಿಯ ಕೆಲಸ ಮೊದಲಾಗುತ್ತದೆಂದು ವಾದಿಸಿದರು. ಆ ಗಡಿಯನ್ನು ಗುರುತಿಸುವುದೇ ವಿದ್ಯೆ. ಗಡಿಯ ಈಚೆಗೆ ನಿದ್ರೆ, ಆಹಾರ, ಶುಚಿ, ವಿಶ್ರಾಂತಿಗಳಿವೆ. ಅವನ್ನು ನಮಗಾಗಿ ಬೇರೊಬ್ಬರು ಮಾಡಲಾರರು. ಗಡಿಯ ಆಚೆಗೆ ಪರೀಕ್ಷೆ, ಔಷಧ, ಶಸ್ತ್ರಚಿಕಿತ್ಸೆಗಳಿವೆ. ಅವನ್ನು ನಾವೇ ಮಾಡಿಕೊಳ್ಳಲಾರೆವು. ಸಂಸ್ಕೃತದಲ್ಲಿ ಆರೋಗ್ಯವಂತನಿಗೆ ಸ್ವಸ್ಥನೆಂದು ಹೆಸರು, ತನ್ನಲ್ಲಿ ತಾನು ನೆಲೆಗೊಂಡವನೆಂದು ಅದರ ಅರ್ಥ. ತನ್ನ ಎಲ್ಲೆಯನ್ನು ತಿಳಿಯದವನು ತನ್ನಲ್ಲಿ ನೆಲೆಗೊಳ್ಳುವುದಾದರೂ ಹೇಗೆ?

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಲದಲ್ಲಾಗಲಿ ಮನೆಯಲ್ಲಾಗಲಿ ಕಣ್ಣಿಗೆ ಹುಲ್ಲೋ ಕಡ್ಡಿಯೋ ತಾಕಿದರೆ ಉಜ್ಜಬೇಡಿ. ಶುದ್ಧವಾದ ನೀರಿನಿಂದ ತೊಳೆಯಿರಿ. ಹಾಲು, ಎಣ್ಣೆ, ಸೊಪ್ಪಿನ ರಸ, ಅಂಗಡಿಯ ಹನಿಮದ್ದು ಯಾವುದನ್ನೂ ಹಾಕಬೇಡಿ. ನೋವು ತಗ್ಗಿದರೂ ತಗ್ಗದಿದ್ದರೂ ಅಂದೇ, ತಪ್ಪಿದರೆ ಮರುದಿನವೇ, ಕಣ್ಣಿನ ವೈದ್ಯರಿಗೆ ತೋರಿಸಿ.